ದಮ್ಮಿನ ರೋಗಿಗೆ ಹಿಮೋಗ್ಲೋಬಿನ್ 18.6: ರಕ್ತ ತೆಗೆಸಬೇಕೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಚಿಕ್ಕ ವಯಸ್ಸಿನಿಂದ ಬೀಡಿ ಸೇದಿದವರು, ಈಗ ದಿನಕ್ಕೆ ನಾಲ್ಕೈದಕ್ಕೆ ಇಳಿಸಿದ್ದಾರೆ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ದಮ್ಮು ಹತ್ತುವ ದೀರ್ಘಕಾಲದ ಕಾಯಿಲೆ) ಇದೆಯೆಂದು ಕೆಲವು ವರ್ಷಗಳಿಂದ ಇನ್‌ಹೇಲರ್ ಬಳಸುತ್ತಿದ್ದಾರೆ. ಸುಮ್ಮನೆ ಕುಳಿತಿದ್ದಾಗಲೂ ಆಕ್ಸಿಮೀಟರ್ 88 ತೋರಿಸುತ್ತದೆ. ಈಚಿನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 18.6, ಪಿಸಿವಿ 57 ಬಂದಿದೆ. ‘ರಕ್ತ ಜಾಸ್ತಿಯಾಗಿದೆ, ಯಾವುದಾದರೂ ಶಿಬಿರದಲ್ಲಿ ದಾನ ಮಾಡಿಬಿಡಿ’ ಎಂದು ಪರಿಚಯದವರು ಹೇಳುತ್ತಾರೆ. ನಮ್ಮ ಮನೆಯಲ್ಲೇ ಇರುವ ಸೋದರತ್ತೆಗೂ ಇದೇ ಕಾಯಿಲೆ. ಅವರು ಬೀಡಿ ಮುಟ್ಟಿದವರಲ್ಲ, ಜೀವನವಿಡೀ ಸೌದೆ ಒಲೆಯ ಮುಂದೆ ಅಡುಗೆ ಮಾಡಿದವರು. ಅವರ ಆಕ್ಸಿಮೀಟರ್ 94, ಆದರೆ ಹಿಮೋಗ್ಲೋಬಿನ್ ಬರೀ 9.2. ಒಂದೇ ಕಾಯಿಲೆ ಒಬ್ಬರಲ್ಲಿ ರಕ್ತ ಹೆಚ್ಚಿಸಿ ಇನ್ನೊಬ್ಬರಲ್ಲಿ ಇಳಿಸುವುದು ಹೇಗೆ? ತಂದೆಗೆ ರಕ್ತ ತೆಗೆಸಬೇಕೆ? ಅತ್ತೆಗೆ ಕಬ್ಬಿಣದ ಮಾತ್ರೆ ಕೊಡಬಹುದೆ?

ಉತ್ತರ: ಒಂದೇ ಮನೆಯ ಎರಡು ವರದಿಗಳನ್ನು ಒಟ್ಟಿಗೆ ಕಳುಹಿಸಿದ್ದು ಒಳ್ಳೆಯದಾಯಿತು. ಮೊದಲು ತುರ್ತಾದ ಮಾತು: ನಿಮ್ಮ ತಂದೆಯವರು ಶಿಬಿರದಲ್ಲಿ ರಕ್ತದಾನ ಮಾಡಬಾರದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯುಳ್ಳವರು ದಾನಕ್ಕೆ ಅರ್ಹರಲ್ಲ ಎಂಬುದು ಒಂದು ಕಾರಣ. ಅವರಲ್ಲಿ ರಕ್ತ ಏರಿರುವುದು ಆಮ್ಲಜನಕದ ಕೊರತೆಗೆ ದೇಹ ಕೊಟ್ಟಿರುವ ಉತ್ತರ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಕೊರತೆಯನ್ನು ಹಾಗೆಯೇ ಬಿಟ್ಟು ರಕ್ತವನ್ನು ಮಾತ್ರ ತೆಗೆದರೆ ದೇಹ ಮತ್ತೆ ಅದನ್ನು ತಯಾರಿಸಲು ಹೊರಡುತ್ತದೆ.

ಈ ಉತ್ತರವನ್ನು ದೇಹ ಕೊಡುವ ಬಗೆ ಹೀಗಿದೆ. ಕೆಂಪು ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಎಷ್ಟು ಹುಟ್ಟಬೇಕೆಂದು ನಿರ್ಧರಿಸುವುದು ಮಾತ್ರ ಮುಖ್ಯವಾಗಿ ಮೂತ್ರಪಿಂಡ. ಮೂತ್ರಪಿಂಡದ ಸೂಕ್ಷ್ಮ ನಾಳಗಳ ನಡುವೆ ಇರುವ ಕೆಲವು ಜೀವಕೋಶಗಳು ತಮಗೆ ತಲುಪುವ ಆಮ್ಲಜನಕ ಸಾಲದಾದಾಗ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಮಜ್ಜೆಯಲ್ಲಿ ಮೊಳೆತ ಎಳೆಯ ಕಣಗಳಲ್ಲಿ ಬಹಳಷ್ಟು ಬೆಳೆಯುವ ಮುನ್ನವೇ ಸಾಯುತ್ತವೆ. ಈ ಹಾರ್ಮೋನು ಅವುಗಳನ್ನು ಬದುಕಿಸಿ ಬೆಳೆಸುತ್ತದೆ. ಆಮ್ಲಜನಕ ಕಡಿಮೆಯಾದ ಕೆಲವೇ ಗಂಟೆಗಳಲ್ಲಿ ಹಾರ್ಮೋನು ಏರುತ್ತದೆ, ಮೂರು ನಾಲ್ಕು ದಿನಗಳಲ್ಲಿ ಎಳೆಯ ಕೆಂಪು ಕಣಗಳು ರಕ್ತದಲ್ಲಿ ಹೆಚ್ಚಾಗಿ ಕಾಣತೊಡಗುತ್ತವೆ, ಆದರೆ ಹಿಮೋಗ್ಲೋಬಿನ್ ಗಮನಾರ್ಹವಾಗಿ ಏರಲು ವಾರಗಳು ಬೇಕು. ಆದ್ದರಿಂದ 18.6 ಎಂಬ ಅಂಕಿ ನಿನ್ನೆ ಮೊನ್ನೆಯ ನೆಗಡಿ ಕೆಮ್ಮಿನ ಫಲವಾಗಿರಲಾರದು. ಕೊರತೆಗೆ ಬಹುಕಾಲವಾಗಿದೆ, ನಿದ್ದೆಯಲ್ಲಿ ಉಸಿರಾಟ ಇನ್ನಷ್ಟು ಮಂದವಾಗುವುದರಿಂದ ರಾತ್ರಿ ಹೊತ್ತು ಅದು 88ಕ್ಕಿಂತಲೂ ಕೆಳಗಿಳಿಯುತ್ತಿರುವ ಸಾಧ್ಯತೆಯೂ ಹೆಚ್ಚು.

ಜೀವಕೋಶಕ್ಕೆ ಆಮ್ಲಜನಕದ ಕೊರತೆ ಹೇಗೆ ತಿಳಿಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂದಿತು. ಎಚ್ಐಎಫ್ ಎಂಬ ಪ್ರೋಟೀನು ಜೀವಕೋಶದಲ್ಲಿ ಸದಾ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಕಿಣ್ವವೊಂದು ಅದೇ ಆಮ್ಲಜನಕವನ್ನು ಬಳಸಿ ಈ ಪ್ರೋಟೀನಿಗೆ ಗುರುತು ಹಾಕುತ್ತದೆ, ಗುರುತು ಬಿದ್ದದ್ದು ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗುರುತು ಬೀಳುವುದಿಲ್ಲ, ಪ್ರೋಟೀನು ಉಳಿದು ಎರಿತ್ರೋಪೊಯೆಟಿನ್ ಜೀನನ್ನು ಎಚ್ಚರಿಸುತ್ತದೆ. ಆ ಕಿಣ್ವ ಕೆಲಸ ಮಾಡಲು ಕಬ್ಬಿಣವೂ ಬೇಕು. ಇದನ್ನು ನೆನಪಿಡಿ, ರಕ್ತ ತೆಗೆಸುವ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

ಇದೇ ವ್ಯವಸ್ಥೆ ಬೆಟ್ಟವಾಸಿಗಳಲ್ಲಿಯೂ ಕೆಲಸ ಮಾಡುತ್ತದೆ. 1890ರಲ್ಲಿ ಫ್ರಾನ್ಸಿನ ವೈದ್ಯ ಫ್ರಾಂಸ್ವಾ ವಿಯೊ ಪೆರು ದೇಶದ ಮೊರೊಕೊಚಾ ಎಂಬ ಎತ್ತರದ ಗಣಿ ಊರಿಗೆ ಹೋಗಿ ತನ್ನದೇ ರಕ್ತಕಣಗಳನ್ನು ಎಣಿಸಿದಾಗ, ಪ್ರತಿ ಘನ ಮಿಲಿಮೀಟರಿಗೆ 50 ಲಕ್ಷದಷ್ಟಿದ್ದ ಕಣಗಳು ಮೂರು ವಾರಗಳಲ್ಲಿ 80 ಲಕ್ಷದ ಹತ್ತಿರಕ್ಕೆ ಏರಿದ್ದವು. ಆ ಏರಿಕೆಯಲ್ಲಿ ಒಂದು ಪಾಲು ದೇಹದ ನೀರಿನಂಶ ಇಳಿದು ರಕ್ತ ಗಟ್ಟಿಯಾದದ್ದರಿಂದ ಬಂದದ್ದು ಎಂದು ಈಗ ನಮಗೆ ಗೊತ್ತಿದೆ. ನಿಮ್ಮ ತಂದೆಯವರು ಸಮುದ್ರಮಟ್ಟಕ್ಕೆ ಹತ್ತಿರದ ಊರಿನಲ್ಲೇ ಇರಬಹುದು. ಆದರೆ ಅವರ ಶ್ವಾಸಕೋಶ ಅವರನ್ನು ಎತ್ತರದ ಬೆಟ್ಟದ ಮೇಲೆ ಕೂರಿಸಿದೆ.

ಇನ್ನು ನಿಮ್ಮ ಎರಡು ವರದಿಗಳಿಗೆ ಬರೋಣ. ಆಕ್ಸಿಮೀಟರಿನ ಅಂಕಿಯನ್ನೂ ಹಿಮೋಗ್ಲೋಬಿನ್ ಅಂಕಿಯನ್ನೂ ಪ್ರತ್ಯೇಕವಾಗಿ ಓದಿದರೆ ಎರಡೂ ದಾರಿ ತಪ್ಪಿಸುತ್ತವೆ. ಎರಡನ್ನೂ ಜೋಡಿಸಿಯೇ ಓದಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಆಕ್ಸಿಮೀಟರ್ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಭಾಗ ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು ಮಾತ್ರ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹಿಡಿಯುತ್ತದೆ. ಹಿಮೋಗ್ಲೋಬಿನ್ 15 (ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ) ಇದ್ದು ಆಕ್ಸಿಮೀಟರ್ 98 ತೋರಿಸುವ ಆರೋಗ್ಯವಂತನ 100 ಮಿಲಿಲೀಟರ್ ರಕ್ತದಲ್ಲಿ ಹಾಗಾದರೆ ಸುಮಾರು 19.7 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ನಿಮ್ಮ ತಂದೆಯವರಲ್ಲಿ 18.6ನ್ನು 1.34ರಿಂದ ಗುಣಿಸಿ ಅದರ ನೂರಕ್ಕೆ 88 ಭಾಗ ತೆಗೆದುಕೊಂಡರೆ ಸುಮಾರು 21.9 ಬರುತ್ತದೆ. ನಿಮ್ಮ ಸೋದರತ್ತೆಯವರಲ್ಲಿ ಬರುವುದು ಸುಮಾರು 11.6 ಮಾತ್ರ. ಆಕ್ಸಿಮೀಟರಿನಲ್ಲಿ ಚೆನ್ನಾಗಿ ಕಾಣುವವರ ರಕ್ತದಲ್ಲಿ, ಕೆಟ್ಟದಾಗಿ ಕಾಣುವವರ ರಕ್ತದಲ್ಲಿರುವ ಆಮ್ಲಜನಕದ ಅರ್ಧದಷ್ಟು ಮಾತ್ರವೇ ಇದೆ. ಮನೆಯವರ ಕಳವಳವೆಲ್ಲ ತಂದೆಯ ಕಡೆಗೇ ಹರಿದು, ‘ಅತ್ತೆಗೆ 94 ಇದೆಯಲ್ಲ’ ಎಂದು ಸುಮ್ಮನಿರುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ದಯವಿಟ್ಟು ಹಾಗೆ ಆಗಲು ಬಿಡಬೇಡಿ.

ತುಟಿ ಮತ್ತು ಉಗುರಿನ ಬಣ್ಣವೂ ಇದೇ ರೀತಿ ಮೋಸ ಮಾಡುತ್ತದೆ. ಸೂಕ್ಷ್ಮ ರಕ್ತನಾಳಗಳಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುಮಾರು 5 ಗ್ರಾಂ ಮುಟ್ಟಿದಾಗ ಚರ್ಮ ನೀಲಿಗಟ್ಟುತ್ತದೆ. ಹಿಮೋಗ್ಲೋಬಿನ್ ಹೆಚ್ಚಿರುವವರು ಬೇಗ ನೀಲಿಗಟ್ಟುತ್ತಾರೆ. 9 ಗ್ರಾಂ ಇರುವವರಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದರೂ ತುಟಿ ಬರೀ ಬಿಳಿಚಿಕೊಂಡಿರುತ್ತದೆಯೇ ಹೊರತು ನೀಲಿಯಾಗುವುದಿಲ್ಲ.

ತಂದೆಯವರ ರಕ್ತದಲ್ಲಿ ಆಮ್ಲಜನಕ ಇಷ್ಟೊಂದಿದ್ದರೆ ಚಿಂತೆ ಏಕೆ ಎಂದು ನೀವು ಕೇಳಬಹುದು. ಕಣಗಳು ಹೆಚ್ಚಾದಂತೆ ರಕ್ತ ಮಂದವಾಗುತ್ತದೆ. ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಕೆಂಪು ಕಣಗಳಿವೆ ಎಂಬುದನ್ನು ಪಿಸಿವಿ ಹೇಳುತ್ತದೆ. ಅದು 45ರಿಂದ 50ಕ್ಕೆ ಏರಿದಾಗ ಆಗುವ ವ್ಯತ್ಯಾಸ ಅಲ್ಪ, 55 ದಾಟಿದ ಮೇಲೆ ರಕ್ತದ ಹರಿವು ತೆಳ್ಳಗಿನ ಪಾಕ ಜೋನಿ ಬೆಲ್ಲವಾದಂತೆ ಒಮ್ಮೆಗೇ ನಿಧಾನವಾಗುತ್ತದೆ. ಅಂಗಾಂಗಗಳಿಗೆ ತಲುಪುವ ಆಮ್ಲಜನಕ ರಕ್ತದಲ್ಲಿರುವ ಪ್ರಮಾಣವನ್ನೂ ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂಬುದನ್ನೂ ಅವಲಂಬಿಸಿರುವುದರಿಂದ, ಒಂದು ಹಂತದ ನಂತರ ಕಣ ಹೆಚ್ಚಿದಷ್ಟೂ ಲಾಭ ಕರಗುತ್ತ ಹೋಗುತ್ತದೆ. ಇದಕ್ಕೆ ಸೇರಿಕೊಳ್ಳುವ ಇನ್ನೊಂದು ತೊಂದರೆ ಶ್ವಾಸಕೋಶದ್ದೇ. ಆಮ್ಲಜನಕ ಕಡಿಮೆಯಿರುವ ಭಾಗದಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಇದನ್ನು 1946ರಲ್ಲೇ ತೋರಿಸಿದ್ದರು. ರೋಗ ಅಲ್ಲಲ್ಲಿ ಮಾತ್ರ ಇದ್ದರೆ ಇದು ಉಪಕಾರಿ, ಏಕೆಂದರೆ ರಕ್ತ ಒಳ್ಳೆಯ ಭಾಗಕ್ಕೆ ತಿರುಗುತ್ತದೆ. ಶ್ವಾಸಕೋಶವಿಡೀ ಕೆಟ್ಟಿದ್ದರೆ ಎಲ್ಲ ನಾಳಗಳೂ ಬಿಗಿದು, ಮಂದವಾದ ರಕ್ತವನ್ನು ಅವುಗಳ ಮೂಲಕ ನೂಕುವ ಭಾರ ಹೃದಯದ ಬಲಭಾಗದ ಮೇಲೆ ಬೀಳುತ್ತದೆ. ಪಾದಗಳಲ್ಲಿ ಬಾವು, ಕತ್ತಿನ ರಕ್ತನಾಳ ಉಬ್ಬುವುದು, ಬಲಪಕ್ಕೆಯ ಕೆಳಗೆ ಭಾರ, ಇವೆಲ್ಲ ಬಲಹೃದಯ ದಣಿಯುತ್ತಿರುವುದರ ಗುರುತುಗಳು. ತಂದೆಯವರಲ್ಲಿ ಇವುಗಳಲ್ಲಿ ಯಾವುದಾದರೂ ಇದ್ದರೆ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಮುಂದೂಡಬಾರದು.

ಬೀಡಿಯನ್ನು ನಾಲ್ಕೈದಕ್ಕೆ ಇಳಿಸಿದ್ದಾರೆ ಎಂದು ಬರೆದಿದ್ದೀರಿ. ಅವರ ಪ್ರಯತ್ನಕ್ಕೆ ಗೌರವವಿದೆ, ಆದರೂ ಇಲ್ಲಿ ನಾನು ರಾಜಿಯಾಗಲಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಬಲ ಆಮ್ಲಜನಕದ್ದಕ್ಕಿಂತ 200 ಪಟ್ಟಿಗೂ ಹೆಚ್ಚು. ಅಂಟಿಕೊಂಡ ಜಾಗ ಆಮ್ಲಜನಕಕ್ಕೆ ಸಿಗುವುದಿಲ್ಲ. ಉಳಿದ ಜಾಗದಲ್ಲಿರುವ ಆಮ್ಲಜನಕವನ್ನೂ ಹಿಮೋಗ್ಲೋಬಿನ್ ಸುಲಭವಾಗಿ ಅಂಗಾಂಶಕ್ಕೆ ಬಿಟ್ಟುಕೊಡುವುದಿಲ್ಲ. ಮೂತ್ರಪಿಂಡಕ್ಕೆ ಇದು ಇನ್ನೊಂದು ಕೊರತೆಯಾಗಿ ಕಾಣುವುದರಿಂದ ಅದು ಮತ್ತಷ್ಟು ಕಣಗಳನ್ನು ಬೇಡುತ್ತದೆ. ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಓದುತ್ತದೆ. ಅಂದರೆ ಬೀಡಿ ಸೇದಿದ ಮೇಲೆ ಅದು ತೋರಿಸುವ 88, ನಿಜದಲ್ಲಿ ಅದಕ್ಕಿಂತ ಕಡಿಮೆಯಿರಬಹುದು. ಚರ್ಮ ಕಪ್ಪಿರುವವರಲ್ಲಿ ಈ ಉಪಕರಣ ಒಂದಷ್ಟು ಹೆಚ್ಚು ತೋರಿಸುವುದೂ ಉಂಟು. ಆದ್ದರಿಂದ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯನ್ನು ಮಾಡಿಸಲೇಬೇಕು. ಸಾಧ್ಯವಿದ್ದರೆ ಕಾರ್ಬನ್ ಮೊನಾಕ್ಸೈಡ್ ಪ್ರಮಾಣವನ್ನೂ ಅಳೆಯುವಂಥ ಯಂತ್ರದಲ್ಲಿ ಮಾಡಿಸಿ. ಮನೆಯಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತಿದ್ದರೆ ಅದೇ ಅನಿಲ ಅಲ್ಲಿಂದಲೂ ಬರುತ್ತಿರುತ್ತದೆ.

ಚಿಕಿತ್ಸೆಯ ತಿರುಳು ಆಮ್ಲಜನಕ. ರೋಗಿ ಸ್ಥಿರವಾಗಿರುವಾಗ, ವಿಶ್ರಾಂತಿಯಲ್ಲಿ, ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ (ಎಬಿಜಿ ಹೇಳುವ ಅಂಕಿ, ಆಕ್ಸಿಮೀಟರಿನದಲ್ಲ) 55 ಮಿಲಿಮೀಟರ್ ಪಾದರಸ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮನೆಯಲ್ಲಿ ದೀರ್ಘಕಾಲ ಆಮ್ಲಜನಕ ಕೊಡಬೇಕೆಂಬುದು ಒಪ್ಪಿತ ಕ್ರಮ. ಒತ್ತಡ 56ರಿಂದ 59ರೊಳಗಿದ್ದು, ಪಿಸಿವಿ 55 ಮೀರಿದ್ದರೆ ಅಥವಾ ಬಲಹೃದಯ ದಣಿದಿದ್ದರೆ ಆಗಲೂ ಕೊಡಬೇಕು. ನಿಮ್ಮ ತಂದೆಯವರ ಪಿಸಿವಿ 57 ಈ ಎರಡನೆಯ ನಿಯಮಕ್ಕೆ ನೇರವಾಗಿ ಸಲ್ಲುತ್ತದೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದ 42 ರೋಗಿಗಳಲ್ಲಿ ಐದು ವರ್ಷಗಳಲ್ಲಿ 19 ಮಂದಿ ತೀರಿಕೊಂಡರೆ, ಪಡೆಯದ 45 ಮಂದಿಯಲ್ಲಿ 30 ಮಂದಿ ತೀರಿಕೊಂಡರು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಮುಗಿದ ಇನ್ನೊಂದು ಅಧ್ಯಯನ, ರಾತ್ರಿ ಮಾತ್ರ ಕೊಡುವುದಕ್ಕಿಂತ ಹಗಲು ರಾತ್ರಿ ಕೊಟ್ಟವರೇ ಹೆಚ್ಚು ಬದುಕುತ್ತಾರೆಂದು ತೋರಿಸಿತು. ಅವರ ಪಿಸಿವಿಯೂ ಹೆಚ್ಚು ಇಳಿಯಿತು. ನಮ್ಮಲ್ಲಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಕೊಂಡು, ದಮ್ಮು ಹತ್ತಿದಾಗ ಅರ್ಧ ಗಂಟೆ ಹಾಕಿಕೊಂಡು ತೆಗೆದಿಡುವ ಅಭ್ಯಾಸ ಬೇರೂರಿದೆ. ಅದರಿಂದ ಮನಸ್ಸಿಗೆ ಸಮಾಧಾನವಾದೀತು, ಮೂತ್ರಪಿಂಡಕ್ಕೆ ಯಾವ ಸುದ್ದಿಯೂ ತಲುಪುವುದಿಲ್ಲ. ನಿದ್ದೆಯ ಅವಧಿಯನ್ನೆಲ್ಲ ಸೇರಿಸಿಕೊಂಡು 15 ಗಂಟೆ ತುಂಬಬೇಕು. ಹರಿವಿನ ಪ್ರಮಾಣವನ್ನು ವೈದ್ಯರೇ ನಿಗದಿಮಾಡಲಿ. ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿದುಬಿಡುವ ರೋಗಿಗಳಲ್ಲಿ ಆಮ್ಲಜನಕ ವಿಪರೀತವಾದರೆ ಮಂಪರು ಕವಿಯುತ್ತದೆ, ಹಾಗಾಗಿ ಅಂಥವರಲ್ಲಿ ಆಕ್ಸಿಮೀಟರ್ 88ರಿಂದ 92ರ ನಡುವೆ ನಿಂತರೆ ಸಾಕು. ಬೆಳಗ್ಗೆ ಎದ್ದಾಗ ತಲೆನೋವು, ಹಗಲಿನಲ್ಲಿ ತೂಕಡಿಕೆ, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಮ್ಲಜನಕದ ಕೊಳವೆ ಮೂಗಿನಲ್ಲಿರುವಾಗ ಬೀಡಿ ಹಚ್ಚಿದರೆ ಮುಖ ಸುಡುವ ಬೆಂಕಿಯ ಅಪಾಯವಿದೆ ಎಂಬುದು ಎಲ್ಲರಿಗೂ ಗೊತ್ತು. ಅದಲ್ಲದೆ ಇನ್ನೊಂದು ನಷ್ಟವಿದೆ. ಆಮ್ಲಜನಕ ಪಡೆಯುತ್ತಲೇ ಧೂಮಪಾನ ಮುಂದುವರಿಸಿದವರಲ್ಲಿ ಕೆಂಪು ಕಣಗಳ ಪ್ರಮಾಣ ಇಳಿಯಲಿಲ್ಲವೆಂದು 1982ರಲ್ಲಿ ಎಡಿನ್‌ಬರೋದ ವೈದ್ಯರು ತೋರಿಸಿದರು. ಒಂದು ಕಡೆ ಯಂತ್ರ ಕೊಟ್ಟದ್ದನ್ನು ಇನ್ನೊಂದು ಕಡೆ ಹೊಗೆ ಕಿತ್ತುಕೊಳ್ಳುತ್ತದೆ.

ರಕ್ತ ತೆಗೆಯುವುದು ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಆಮ್ಲಜನಕ ಸರಿಯಾಗಿ ಕೊಟ್ಟ ಮೇಲೂ ಪಿಸಿವಿ 56 ಮೀರಿಯೇ ಇದ್ದು, ತಲೆಭಾರ, ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು ಮುಂತಾದ ಲಕ್ಷಣಗಳಿದ್ದರೆ, ಆಸ್ಪತ್ರೆಯಲ್ಲಿ ನಿಗಾ ಇಟ್ಟು ಸ್ವಲ್ಪ ಸ್ವಲ್ಪವಾಗಿ ರಕ್ತ ತೆಗೆದು 50ರಿಂದ 52ರ ಸುಮಾರಿಗೆ ಇಳಿಸುವುದನ್ನು ವೈದ್ಯರು ಪರಿಗಣಿಸುತ್ತಾರೆ. ಆದರೆ ಪದೇ ಪದೇ ತೆಗೆದರೆ ದೇಹದ ಕಬ್ಬಿಣ ಬರಿದಾಗುತ್ತದೆ. ಆಗಲೇ ಹೇಳಿದಂತೆ ಆಮ್ಲಜನಕವನ್ನು ಗುರುತಿಸುವ ಕಿಣ್ವಕ್ಕೇ ಕಬ್ಬಿಣ ಬೇಕಾಗಿರುವುದರಿಂದ, ಕಬ್ಬಿಣವಿಲ್ಲದ ಜೀವಕೋಶ ಆಮ್ಲಜನಕ ಇರುವಾಗಲೂ ಇಲ್ಲವೆಂಬಂತೆ ವರ್ತಿಸುತ್ತದೆ ಮತ್ತು ಶ್ವಾಸಕೋಶದ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಹಗುರಾಗಲೆಂದು ಮಾಡಿದ ಕೆಲಸ ಬಲಹೃದಯಕ್ಕೆ ಹೊರೆಯಾಗುವುದು ಹೀಗೆ.

ತಂದೆಯವರ ವರದಿಯಲ್ಲಿ ಇನ್ನೂ ಕೆಲವು ಅಂಶಗಳನ್ನು ನೋಡಿಕೊಳ್ಳಿ. ಬಿಳಿ ಕಣಗಳು ಮತ್ತು ಪ್ಲೇಟ್‌ಲೆಟ್‌ಗಳೂ ಏರಿದ್ದರೆ, ಗುಲ್ಮ ದೊಡ್ಡದಾಗಿದ್ದರೆ, ಬಿಸಿನೀರಿನ ಸ್ನಾನದ ನಂತರ ಮೈ ತುರಿಸುತ್ತಿದ್ದರೆ, ಮಜ್ಜೆಯದೇ ಕಾಯಿಲೆಯಾದ ಪಾಲಿಸೈಥೀಮಿಯಾ ವೆರಾ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಜೆಎಕೆ2 ಎಂಬ ಜೀನಿನ ಪರೀಕ್ಷೆ ಮತ್ತು ಎರಿತ್ರೋಪೊಯೆಟಿನ್ ಮಟ್ಟ ನೋಡಬೇಕಾಗುತ್ತದೆ. ಆ ಕಾಯಿಲೆಯಲ್ಲಿ ಮಜ್ಜೆ ಯಾರ ಅಪ್ಪಣೆಗೂ ಕಾಯದೆ ಕಣ ತಯಾರಿಸುವುದರಿಂದ ಹಾರ್ಮೋನು ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಅಲ್ಲಿ ರಕ್ತ ತೆಗೆಯುವುದೇ ಮುಖ್ಯ ಚಿಕಿತ್ಸೆ. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಅದನ್ನೂ ಪರೀಕ್ಷಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳು ರಕ್ತದ ನೀರಿನಂಶ ಇಳಿಸಿ, ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ತಮ್ಮದೇ ರೀತಿಯಲ್ಲಿ, ಪಿಸಿವಿಯನ್ನು ಏರಿಸುತ್ತವೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಒಂದೇ ಕಾಲು ಊದಿಕೊಂಡು ನೋಯುವುದು, ಹಠಾತ್ತನೆ ಎದೆ ಹಿಡಿದು ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು ಅಥವಾ ಒಂದು ಪಕ್ಕ ಬಲ ಕಳೆದುಕೊಳ್ಳುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು. ಬೀಟ್‌ರೂಟ್, ದಾಳಿಂಬೆ ಬಿಡಿಸಬೇಕಾಗಿಲ್ಲ. ಅವುಗಳಿಂದ ಯಾರ ಹಿಮೋಗ್ಲೋಬಿನ್ನೂ 18ಕ್ಕೆ ಏರುವುದಿಲ್ಲ.

ಇನ್ನು ಸೋದರತ್ತೆಯವರು. ನಮ್ಮ ಹಳ್ಳಿಗಳ ಹೆಂಗಸರಲ್ಲಿ ಸಿಒಪಿಡಿ ಎಂದರೆ ಬಹುಪಾಲು ಒಲೆಯ ಹೊಗೆಯ ಕಾಯಿಲೆ. ಮೈಸೂರು ಸೀಮೆಯ ಗ್ರಾಮೀಣ ಮಹಿಳೆಯರ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಹಾಗೆ ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಅಂಕಿ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಅಪಾಯ ಸ್ಪಷ್ಟವಾಗಿ ಏರುತ್ತದೆಂದು ತೋರಿಸಿದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60 ಆಯಿತು. ಜೀವನವಿಡೀ ಎಂದು ನೀವು ಬರೆದಿದ್ದೀರಿ. ಅವರು ಆ ಅಂಕಿಯನ್ನು ಎಂದೋ ದಾಟಿರಬೇಕು.

ಅವರ ಆಮ್ಲಜನಕ 94ರಲ್ಲಿ ಇರುವುದರಿಂದ ಮೂತ್ರಪಿಂಡಕ್ಕೆ ಶ್ವಾಸಕೋಶದ ಕಡೆಯಿಂದ ಅಷ್ಟು ಜೋರಾದ ಕರೆ ಹೋಗುತ್ತಿಲ್ಲ. ಆದರೆ ರಕ್ತಹೀನತೆಯೇ ಒಂದು ಕೊರತೆಯಾದ್ದರಿಂದ ಹಾರ್ಮೋನು ಏರಿ ಕಣಗಳು ಹೆಚ್ಚಬೇಕಿತ್ತು. ಹಾಗಾಗದಿರಲು ಕಾರಣ ಹಲವು ವೇಳೆ ಉರಿಯೂತ. ಸಿಒಪಿಡಿ ಶ್ವಾಸಕೋಶಕ್ಕೆ ಸೀಮಿತವಾದ ಕಾಯಿಲೆಯಲ್ಲ, ಅದರ ಉರಿಯೂತ ಮೈಗೆಲ್ಲ ಹರಡುತ್ತದೆ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಹೆಪ್ಸಿಡಿನ್ ಹೆಚ್ಚಿದಾಗ ಕರುಳಿನಿಂದ ಕಬ್ಬಿಣ ಒಳಗೆ ಬರುವ ಬಾಗಿಲೂ ದೇಹದ ಉಗ್ರಾಣದಿಂದ ಕಬ್ಬಿಣ ಹೊರಹೋಗುವ ಬಾಗಿಲೂ ಮುಚ್ಚಿಕೊಳ್ಳುತ್ತವೆ. ಕಬ್ಬಿಣ ದೇಹದಲ್ಲೇ ಇದ್ದರೂ ಮಜ್ಜೆಗೆ ಸಿಗುವುದಿಲ್ಲ; ಎರಿತ್ರೋಪೊಯೆಟಿನ್ ಕರೆಗೆ ಮಜ್ಜೆ ಓಗೊಡುವುದೂ ಕುಂದುತ್ತದೆ; 120 ದಿನ ಬಾಳಬೇಕಾದ ಕಣದ ಆಯುಸ್ಸೂ ಕಿರಿದಾಗುತ್ತದೆ. ಸಿಒಪಿಡಿ ಎಂದರೆ ರಕ್ತ ಏರುವ ಕಾಯಿಲೆ ಎಂದು ಹಳೆಯ ಪಾಠಗಳು ಕಲಿಸಿದ್ದವು. ಮನೆಯಲ್ಲಿ ಆಮ್ಲಜನಕ ಪಡೆಯುತ್ತಿದ್ದ 2,524 ಫ್ರೆಂಚ್ ರೋಗಿಗಳ ಅಧ್ಯಯನ 2005ರಲ್ಲಿ ಬಂದಾಗ, ಪಿಸಿವಿ 55 ಮುಟ್ಟಿದವರು ನೂರಕ್ಕೆ 8.4 ಮಾತ್ರ ಇದ್ದರು. ರಕ್ತಹೀನತೆ ಗಂಡಸರಲ್ಲಿ ನೂರಕ್ಕೆ 12.6, ಹೆಂಗಸರಲ್ಲಿ 8.2 ಇತ್ತು. ಹೆಚ್ಚು ಕಾಲ ಬದುಕಿದ್ದು ಪಿಸಿವಿ ಹೆಚ್ಚಿದ್ದವರು, ಬೇಗ ಸೋತದ್ದು ರಕ್ತ ಕಡಿಮೆಯಿದ್ದವರು. ರಕ್ತಹೀನತೆಯೇ ಸಾವಿಗೆ ಕಾರಣವಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲವಾದರೂ, ಅದನ್ನು ಕಡೆಗಣಿಸಬಾರದೆಂಬುದಂತೂ ಸ್ಪಷ್ಟ.

ಹಾಗೆಂದು ಎಲ್ಲವನ್ನೂ ಶ್ವಾಸಕೋಶದ ತಲೆಗೆ ಕಟ್ಟುವುದೂ ಸರಿಯಲ್ಲ. ನಮ್ಮ ಹೆಂಗಸರಲ್ಲಿ ಕಬ್ಬಿಣದ ನಿಜವಾದ ಕೊರತೆ ಬಹಳ ಸಾಮಾನ್ಯ. ಬರಿಗಾಲಲ್ಲಿ ಹೊಲ ತೋಟಗಳಲ್ಲಿ ದುಡಿದವರಲ್ಲಿ ಕೊಕ್ಕೆಹುಳು ಇರಬಹುದು. ನೋವಿನ ಮಾತ್ರೆ, ಸ್ಟೀರಾಯ್ಡ್ ಮಾತ್ರೆಗಳಿಂದ ಹೊಟ್ಟೆಯೊಳಗೆ ರಕ್ತ ಜಿನುಗುತ್ತಿರಬಹುದು. ಬಿ12 ಕೊರತೆ, ಮೂತ್ರಪಿಂಡದ ತೊಂದರೆ, ವಯಸ್ಸಾದವರಲ್ಲಿ ಕರುಳಿನ ಗಡ್ಡೆ, ಇವೆಲ್ಲವನ್ನೂ ನೋಡಬೇಕು. ಕಬ್ಬಿಣದ ಮಾತ್ರೆ ಕೊಡುವ ಮುನ್ನ ಫೆರಿಟಿನ್ (ಉಗ್ರಾಣದಲ್ಲಿರುವ ಕಬ್ಬಿಣದ ಸೂಚಕ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ನೂರಕ್ಕೆ ಎಷ್ಟು ಭಾಗ ತುಂಬಿದೆ ಎಂಬ ಅಂಕಿ) ಪರೀಕ್ಷೆಗಳನ್ನು ಮಾಡಿಸಿ. ಫೆರಿಟಿನ್ 30ಕ್ಕಿಂತ ಕಡಿಮೆಯಿದ್ದರೆ ಕೊರತೆ ಖಚಿತ. ಆದರೆ ಉರಿಯೂತವಿರುವಾಗ ಫೆರಿಟಿನ್ ತಾನೇ ಏರುವುದರಿಂದ, ಅದು 100ರ ತನಕ ಇದ್ದರೂ ಸ್ಯಾಚುರೇಶನ್ 20ಕ್ಕಿಂತ ಕೆಳಗಿದ್ದರೆ ಕೊರತೆ ಇದೆಯೆಂದೇ ತಿಳಿಯುವುದು ರೂಢಿ. 9.2ಕ್ಕೆ ಸಾಮಾನ್ಯವಾಗಿ ರಕ್ತ ಹಾಕಿಸುವ ಅಗತ್ಯ ಬೀಳುವುದಿಲ್ಲ.

ಕೊರತೆ ಇದ್ದರೆ ಮಾತ್ರೆ ಕೊಡಬಹುದು. ದಿನ ಬಿಟ್ಟು ದಿನ ಒಂದೇ ಸಲ ಕೊಟ್ಟರೂ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆ. ಊಟದೊಡನೆ ಕಾಫಿ, ಚಹಾ ಕುಡಿಯುವ ಅಭ್ಯಾಸವಿದ್ದರೆ ಮಾತ್ರೆಗೂ ಅವಕ್ಕೂ ಒಂದೆರಡು ಗಂಟೆ ಅಂತರವಿರಲಿ. ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ, ಆದರೆ ಟಾರಿನಂತೆ ಜಿಗುಟಾಗಿ ದುರ್ವಾಸನೆ ಬಂದರೆ ಅದು ರಕ್ತಸ್ರಾವವಿರಬಹುದು. ಆರಂಭಿಸಿದ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಒಂದು ಗ್ರಾಂ ಸಹ ಏರಿರದಿದ್ದರೆ ಮಾತ್ರೆಯ ಪ್ರಮಾಣವನ್ನು ನೀವಾಗಿ ಹೆಚ್ಚಿಸದೆ ವೈದ್ಯರಲ್ಲಿಗೆ ಹೋಗಿ. ಹೆಪ್ಸಿಡಿನ್ ಬಾಗಿಲು ಮುಚ್ಚಿರುವವರಲ್ಲಿ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ, ಅದಕ್ಕೂ ಮೊದಲು ರಕ್ತ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ.